ಇಲ್ಲ ಎನ್ನಲು ಕಲಿಸುವ ಮರುಭೂಮಿ

ಚಿಕ್ಕಬಾಣಾವರದಿಂದ ಹೆಸರಘಟ್ಟ ರಸ್ತೆ ಹಿಡಿದು ಎಂಟನೇ ಮೈಲಿಗೆ ಬಂದು, ತುಮಕೂರು ರಸ್ತೆ ದಾಟಿ ಪೀಣ್ಯದೊಳಕ್ಕೆ ಹೊಕ್ಕರೆ ಲೇತ್, ಮಿಲ್ಲಿಂಗ್, ಪೌಡರ್ ಕೋಟಿಂಗ್ ಬೋರ್ಡುಗಳ ನಡುವೆ ಇಸ್ಟ್ರಾಕ್ ಸಿಗುತ್ತದೆ. ಇಸ್ರೊದ ನೌಕೆಗಳ ಜತೆ ಮಾತಾಡುವ ಕೇಂದ್ರ ಅದು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಕೆಂಪು ಗ್ರಹದ ಕಕ್ಷೆ ಸೇರಿದ ಸುದ್ದಿ ಬಂದದ್ದು ಇಲ್ಲಿಗೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೆಲ ಮುಟ್ಟಿದಾಗ ಚಪ್ಪಾಳೆ ಬಿದ್ದದ್ದೂ ಇಲ್ಲೇ. ಅದಕ್ಕೂ ಹಿಂದೆ, 1972ರಲ್ಲಿ, ಉಡುಪಿ ಸೀಮೆಯ ಯು.ಆರ್. ರಾವ್ ಎಳೆಯ ಎಂಜಿನಿಯರುಗಳ ತಂಡ ಕಟ್ಟಿಕೊಂಡು ಬಂದು ಕೂತದ್ದು ಪೀಣ್ಯದ ಕಲ್ನಾರು ಶೀಟಿನ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಮೇಲೇರಿದ ಆರ್ಯಭಟ ಉಪಗ್ರಹ ಹುಟ್ಟಿದ್ದು ಅಲ್ಲಿ. ಹಾಗಾಗಿ ಅಂತರಿಕ್ಷ ಎಂದರೆ ಈ ಭಾಗದವರಿಗೆ ಪುರಾಣದ ಮಾತಲ್ಲ, ಶಿಫ್ಟಿನಲ್ಲಿ ನಡೆಯುವ ಕೆಲಸ.

ಈ ಕೆಲಸದ ಒಂದು ಕವಲು ಈಗ ಲಡಾಖಿನ ಕಡೆ ತಿರುಗಿದೆ. 2025ರ ಜುಲೈ 31ರಂದು ಇಸ್ರೊ ಅಧ್ಯಕ್ಷ ವಿ. ನಾರಾಯಣನ್ ಅವರು ತ್ಸೋ ಕಾರ್ ಕಣಿವೆಯಲ್ಲಿ 'ಹೋಪ್' ಎಂಬ ಪುಟ್ಟ ಠಾಣ್ಯವನ್ನು ಉದ್ಘಾಟಿಸಿದರು. ಅದನ್ನು ನಿಲ್ಲಿಸಿದ್ದು ಬೆಂಗಳೂರಿನ ಪ್ರೋಟೋಪ್ಲಾನೆಟ್ ಎಂಬ ಕಂಪನಿ. ವಾಸಕ್ಕೆ 8 ಮೀಟರ್ ಅಗಲದ ಒಂದು ಘಟಕ, ಸಾಮಾನು ಸರಂಜಾಮಿಗೆ 5 ಮೀಟರಿನ ಇನ್ನೊಂದು. ಆಗಸ್ಟ್ 1ರಿಂದ 10ರವರೆಗೆ ಇಬ್ಬರು ಅದರೊಳಗೆ ಮಂಗಳವಾಸಿಗಳಂತೆ ಇದ್ದರು. ಅವರ ಮೈ ಮನಸ್ಸು ಏನಾಗುತ್ತದೆಂದು ಅಳೆದ ಸಂಸ್ಥೆಗಳಲ್ಲಿ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ಜಾಗದ ಆಯ್ಕೆ ಸುಮ್ಮನೆ ಆದದ್ದಲ್ಲ. ಸಮುದ್ರಮಟ್ಟದಿಂದ 4,530 ಮೀಟರ್ ಎತ್ತರ, ತೆಳುವಾದ ಗಾಳಿ, ಚರ್ಮ ಸುಡುವ ಅತಿನೇರಳೆ ಬಿಸಿಲು, ರಾತ್ರಿ ಕೊರೆಯುವ ಚಳಿ, ನೆಲದಡಿ ಹೆಪ್ಪುಗಟ್ಟಿದ ಉಪ್ಪು ಮಣ್ಣು. ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ, ಮಂಗಳ ಒಣಗುತ್ತಿದ್ದ ಕಾಲದಲ್ಲಿ, ಅಲ್ಲಿನ ಕೆರೆಗಳ ದಡ ಹೀಗಿದ್ದಿರಬಹುದು ಎಂಬ ಲೆಕ್ಕಾಚಾರ.

ಪತ್ರಿಕೆಗಳಲ್ಲಿ ಬಂದ ಫೋಟೊಗಳು ಚೆನ್ನಾಗಿದ್ದವು. ಆದರೆ ಜನ ಗಗನಯಾನಿಯ ಬಟ್ಟೆ ತೊಟ್ಟು ಅಭ್ಯಾಸ ಮಾಡುವುದು ಈ ಕಥೆಯ ಅರ್ಧ ಮಾತ್ರ, ಅದೂ ಸುಲಭದ ಅರ್ಧ. ಇಂಥ ಬರಡು ನೆಲಗಳಿಂದ ನಿಜವಾದ ಉಪಯೋಗ ಬೇರೆಯೇ ಇದೆ. ಜೀವ ಇದ್ದರೂ ನಮ್ಮ ಯಂತ್ರ 'ಇಲ್ಲ' ಎನ್ನಬಹುದು. ಇಲ್ಲದಿದ್ದರೂ 'ಇದೆ' ಎನ್ನಬಹುದು. ಎರಡೂ ಮೋಸಗಳನ್ನು ಭೂಮಿಯ ಮೇಲೆಯೇ ಹಿಡಿದುಕೊಳ್ಳಲು ಬೇಕಾಗುವುದು ಮರುಭೂಮಿ. ಈ ಪಾಠವನ್ನು ಜಗತ್ತು ಕಲಿತದ್ದು ದುಬಾರಿ ಬೆಲೆ ತೆತ್ತು.

ಎರಡು ಯಂತ್ರ, ಎರಡು ಉತ್ತರ

1976ರ ಜುಲೈ 20ರಂದು ನಾಸಾದ ವೈಕಿಂಗ್-1, ಸೆಪ್ಟೆಂಬರ್ 3ರಂದು ವೈಕಿಂಗ್-2 ಮಂಗಳನ ಮೇಲೆ ಇಳಿದವು. ಗಿಲ್ಬರ್ಟ್ ಲೆವಿನ್ ಎಂಬ ಎಂಜಿನಿಯರ್ ರೂಪಿಸಿದ ಪ್ರಯೋಗವೊಂದು ಅವುಗಳಲ್ಲಿತ್ತು. ವಿಕಿರಣದ ಗುರುತು ಹಾಕಿದ ಪೋಷಕ ದ್ರವದ ಹನಿಯನ್ನು ಮಣ್ಣಿಗೆ ಬಿಡುವುದು. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿದ್ದರೆ ಅದನ್ನು ತಿಂದು ಗಾಳಿ ಬಿಡುತ್ತವೆ, ಆ ಗಾಳಿಯಲ್ಲಿ ಗುರುತು ಕಾಣುತ್ತದೆ. ಹನಿ ಬಿತ್ತು, ಗಾಳಿ ಬಂತು. ಜೀವ ಸಿಕ್ಕಿತು ಎಂದು ಕುಣಿಯಬೇಕಾದ ಕ್ಷಣ. ಆದರೆ ಅದೇ ನೌಕೆಯ ಇನ್ನೊಂದು ಯಂತ್ರ ಮಣ್ಣನ್ನು 500 ಡಿಗ್ರಿವರೆಗೆ ಕಾಯಿಸಿ ನೋಡಿ, ಇಲ್ಲಿ ಸಾವಯವ ಅಣುಗಳೇ ಇಲ್ಲ ಎಂದಿತು. ಕ್ಲೋರಿನ್ ಸೇರಿದ ಒಂದೆರಡು ಚಿಕ್ಕ ಅಣುಗಳು ಕಂಡವು. ಅವು ನೌಕೆ ಹೊರಡುವ ಮುನ್ನ ಯಂತ್ರ ಒರೆಸಿದ ದ್ರಾವಕದ ಉಳಿಕೆ ಎಂದು ಬದಿಗಿಟ್ಟರು. ದೇಹವೇ ಇಲ್ಲದೆ ಉಸಿರಾಡುವುದು ಹೇಗೆ? ಬಹುಪಾಲು ವಿಜ್ಞಾನಿಗಳು 'ಇಲ್ಲ' ಎಂಬ ಉತ್ತರಕ್ಕೆ ಒಪ್ಪಿಕೊಂಡರು. ಲೆವಿನ್ ಸಾಯುವವರೆಗೂ ಒಪ್ಪಲಿಲ್ಲ.

ಈ ಕಗ್ಗಂಟಿಗೆ ಬೆರಳು ಹಾಕಿದ್ದು ಚಿಲಿ ದೇಶದ ಅಟಕಾಮ ಮರುಭೂಮಿ. ಅದರ ಯುಂಗಾಯ್ ಎಂಬ ಭಾಗದಲ್ಲಿ ವರ್ಷಕ್ಕೆ ಎರಡು ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳುವುದಿಲ್ಲ. ಮೆಕ್ಸಿಕೊದ ರಫಾಯೆಲ್ ನವಾರೊ-ಗೊನ್ಸಾಲೆಸ್, ನಾಸಾದ ಕ್ರಿಸ್ ಮೆಕೇ ಮತ್ತಿತರರು ಅಲ್ಲಿನ ಮಣ್ಣಿನ ಮೇಲೆ ವೈಕಿಂಗ್ ಮಾಡಿದ್ದನ್ನೇ ಮಾಡಿ 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಭೂಮಿಯ ಮಣ್ಣೇ ಮಂಗಳದ ಮಣ್ಣಿನಂತೆ ವರ್ತಿಸಿತು. ಸಾವಯವ ವಸ್ತು ಕಂಡೂ ಕಾಣದಷ್ಟು. ಪೋಷಕ ಹಾಕಿದರೆ ಗಾಳಿ ಬಂತು, ಆದರೆ ಜೀವಿಗಳು ಹೆಚ್ಚಾಗಿ ಒಂದನ್ನಷ್ಟೇ ತಿನ್ನುವ, ಕನ್ನಡಿಬಿಂಬದಂತಿರುವ ಎಡ-ಬಲ ರೂಪಗಳೆರಡನ್ನೂ ಮಣ್ಣು ಸಮನಾಗಿ ಅರಗಿಸಿತು. ಅಂದರೆ ತಿಂದದ್ದು ಜೀವವಲ್ಲ, ಬರೀ ರಸಾಯನ. ವೈಕಿಂಗ್ ಯುಂಗಾಯ್‌ನಲ್ಲಿ ಇಳಿದಿದ್ದರೆ ಭೂಮಿಯಲ್ಲೂ ಜೀವವಿಲ್ಲ ಎಂದು ವರದಿ ಕಳಿಸುತ್ತಿತ್ತೇನೊ.

2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಉತ್ತರ ಧ್ರುವದ ಬಳಿಯ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಉಪ್ಪನ್ನು ಕಂಡಿತು. ತಣ್ಣಗಿದ್ದಾಗ ಸಾಧು, ಕಾಯಿಸಿದರೆ ಹತ್ತಿರವಿರುವ ಸಾವಯವವನ್ನೆಲ್ಲ ಸುಟ್ಟು ಹಾಕುವ ಗುಣ ಅದಕ್ಕೆ. ನವಾರೊ-ಗೊನ್ಸಾಲೆಸ್ ತಂಡ ಮತ್ತೆ ಅಟಕಾಮದ ಮಣ್ಣು ತೆಗೆದು, ಅದಕ್ಕೆ ಪರ್ಕ್ಲೋರೇಟ್ ಬೆರೆಸಿ ಕಾಯಿಸಿತು. ಸಾವಯವ ಮಾಯ, ಉಳಿದದ್ದು ಅವೇ ಕ್ಲೋರಿನ್ ಸೇರಿದ ಚಿಕ್ಕ ಅಣುಗಳು, ಮೂವತ್ತನಾಲ್ಕು ವರ್ಷ ಒರೆಸುಬಟ್ಟೆಯ ಕೊಳೆ ಎಂದು ತಳ್ಳಿಹಾಕಿದ್ದವು! ಈ ವಿವರಣೆಯನ್ನು ಒಪ್ಪದ ವೈಕಿಂಗ್ ಹಿರಿಯರೂ ಇದ್ದರು. ಆದರೂ 2018ರಲ್ಲಿ ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯ 300 ಕೋಟಿ ವರ್ಷ ಹಳೆಯ ಕೆಸರುಗಲ್ಲಿನಲ್ಲಿ ಸಾವಯವ ಅಣುಗಳನ್ನು ತೋರಿಸಿದ ಮೇಲೆ, 'ಏನೂ ಇಲ್ಲ' ಎಂಬ ಹಳೆಯ ತೀರ್ಪು ಬಿದ್ದುಹೋಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತೇವಲ್ಲ. ಕಾಣದೇ ಹೋದದ್ದನ್ನೂ ಪ್ರಮಾಣಿಸಬೇಕು ಎಂಬುದು ಯುಂಗಾಯ್ ಸೇರಿಸಿದ ಮಾತು.

  

ಯುಂಗಾಯ್‌ನಲ್ಲಿ ಜೀವ ಇಲ್ಲವೆ? ಇದೆ, ಆದರೆ ನಾವು ನೋಡುವ ಕಡೆ ಇಲ್ಲ. 2006ರಲ್ಲಿ ಸ್ಪೇನಿನ ಯಾಸೆಕ್ ವಿಯೆರ್ಜ್‌ಖೋಸ್ ಮತ್ತು ಜತೆಗಾರರು ಅಲ್ಲಿನ ಉಪ್ಪಿನ ಗಡ್ಡೆಗಳನ್ನು ಒಡೆದು ನೋಡಿದರು. ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಒಳಗೆ ತೆಳು ಹಸಿರು ಛಾಯೆ: ಸೈಯನೊಬ್ಯಾಕ್ಟೀರಿಯಾ. ಮಳೆಯಿಲ್ಲದ ಕಡೆ ನೀರು ಎಲ್ಲಿಯದು? ಆಷಾಢದಲ್ಲಿ ನಮ್ಮ ಅಡುಗೆಮನೆಯ ಕಲ್ಲುಪ್ಪು ಡಬ್ಬಿಯೊಳಗೆ ತಾನಾಗಿ ಒದ್ದೆಯಾಗುತ್ತದಲ್ಲ, ಹಾಗೆ. ಗಾಳಿಯ ತೇವವನ್ನು ಉಪ್ಪು ಹೀರುತ್ತದೆ, ಉಪ್ಪಿನೊಳಗಿನ ಜೀವ ಆ ಹನಿಯಲ್ಲಿ ಬದುಕುತ್ತದೆ. ಈ ಗಡ್ಡೆಗಳ ಪಕ್ಕದ ಮಣ್ಣನ್ನೇ ಬಗೆದು ಯಂತ್ರಕ್ಕೆ ಹಾಕಿದರೆ ಕಾಣುವಂಥದ್ದೇನೂ ಸಿಗದಿರಬಹುದು. ಒಂದು ಮಾರು ಆಚೀಚೆ ಕೈ ಹಾಕಿದರೆ ಉತ್ತರವೇ ಬದಲು.

ಇನ್ನೂ ಆಶ್ಚರ್ಯದ ಸಂಗತಿ 2017ರಲ್ಲಿ ನಡೆಯಿತು. ಯುಂಗಾಯ್‌ನಲ್ಲಿ ಮಳೆ ಸುರಿದು ಅಲ್ಲಲ್ಲಿ ಹೊಂಡ ನಿಂತಿತು. ಬರದ ಜೀವಿಗಳಿಗೆ ಹಬ್ಬವಾಗಬೇಕಿತ್ತು. ಅರ್ಮಾಂಡೊ ಅಸುವಾ-ಬುಸ್ತೋಸ್ ತಂಡ 2018ರಲ್ಲಿ ವರದಿ ಮಾಡಿದಂತೆ, ಅಲ್ಲಿ ಮೊದಲಿದ್ದ ಹದಿನಾರು ಬಗೆಯ ಸೂಕ್ಷ್ಮಜೀವಿಗಳಲ್ಲಿ ಹೊಂಡಗಳಲ್ಲಿ ಉಳಿದದ್ದು ಎರಡರಿಂದ ನಾಲ್ಕು. ಯುಗಯುಗಗಳ ಬಾಯಾರಿಕೆಗೆ ಹೊಂದಿಕೊಂಡ ಕೋಶಗಳೊಳಗೆ ಒಮ್ಮೆಲೇ ನೀರು ನುಗ್ಗಿ ಅವು ಒಡೆದು ಸತ್ತವು. ಹಾಗಾದರೆ ವೈಕಿಂಗ್ ಮಂಗಳದ ಮಣ್ಣಿಗೆ ಹನಿ ಬಿಟ್ಟಾಗ ಏನಾಗಿರಬಹುದು? ಉಣಿಸಲು ಹೋಗಿ ಕೊಂದುಬಿಟ್ಟೆವೇ ಎಂಬ ಅನುಮಾನ ಈಗ ಗಂಭೀರ ವಿಜ್ಞಾನಿಗಳ ಬಾಯಲ್ಲೇ ಇದೆ. ಇದೇ ಅಸುವಾ-ಬುಸ್ತೋಸ್ 2023ರಲ್ಲಿ ಅಟಕಾಮದ 'ರೆಡ್ ಸ್ಟೋನ್' ಎಂಬ ಹಳೆಯ ನದಿಮುಖಜ ಭೂಮಿಗೆ, ಮಂಗಳಕ್ಕೆ ಹೋದ ಮತ್ತು ಹೋಗಲಿರುವ ಉಪಕರಣಗಳಂಥವನ್ನು ಒಯ್ದು ಪರೀಕ್ಷಿಸಿದರು. ಜೀವ ಇದೆಯೆಂದು ಖಚಿತವಾಗಿ ಗೊತ್ತಿರುವ ಆ ಕಲ್ಲಿನಲ್ಲೂ ಯಂತ್ರಗಳು ತಡಕಾಡಿದವು.

ಕೊಟ್ಟ ಮಾತು, ತಂದ ಕಲ್ಲು

ಅಂಟಾರ್ಕ್ಟಿಕದ ಒಣ ಕಣಿವೆಗಳ ಕಥೆ ಒಬ್ಬ ಮನುಷ್ಯನದು. ವೋಲ್ಫ್ ವಿಷ್ನಿಯಾಕ್ ವೈಕಿಂಗ್‌ಗಾಗಿ ಜೀವಪತ್ತೆ ಉಪಕರಣವೊಂದನ್ನು ರೂಪಿಸಿದ್ದರು. ಖರ್ಚು ಹೆಚ್ಚೆಂದು 1972ರಲ್ಲಿ ಅದನ್ನು ನೌಕೆಯಿಂದ ಕೈಬಿಟ್ಟರು. ಅಂಟಾರ್ಕ್ಟಿಕದ ಒಣ ಮಣ್ಣು ಸಂಪೂರ್ಣ ನಿರ್ಜೀವ ಎಂದು ವಾದಿಸುತ್ತಿದ್ದವರಿಗೆ ಉತ್ತರ ಕೊಡಲು ಅವರು ಅಲ್ಲಿಗೇ ಹೋದರು. 1973ರ ಡಿಸೆಂಬರಿನಲ್ಲಿ ತಾವು ಇಟ್ಟಿದ್ದ ಮಾದರಿ ತರಲು ಒಬ್ಬರೇ ಹೊರಟು ಕಡಿದಾದ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡರು. ಹೋಗುವ ಮುನ್ನ ಇಮ್ರೆ ಫ್ರೀಡ್‌ಮನ್ ಎಂಬ ಜೀವವಿಜ್ಞಾನಿಗೆ ಕೆಲವು ಕಲ್ಲು ತಂದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಅವರ ಸಾಮಾನಿನಲ್ಲಿದ್ದ ಆ ಕಲ್ಲುಗಳನ್ನು ಹೆಂಡತಿ ಫ್ರೀಡ್‌ಮನ್‌ಗೆ ಕಳಿಸಿದರು. ಒಳಗೆ ಸೂಕ್ಷ್ಮಜೀವಿಗಳಿದ್ದವು. ಫ್ರೀಡ್‌ಮನ್ ಮತ್ತು ಅವರ ಪತ್ನಿ ರೊಸೆಲಿ ಒಕಾಂಪೊ ಆ ಶೋಧವನ್ನು ಪ್ರಕಟಿಸಿದ್ದು 1976ರಲ್ಲಿ, ವೈಕಿಂಗ್ ಇಳಿದ ವರ್ಷವೇ.

ಇಲ್ಲಿಯವರೆಗಿನವು ಜೀವವನ್ನು ಕಾಣದೇ ಹೋದ ಕಥೆಗಳು. ಇಲ್ಲದ್ದನ್ನು ಕಂಡ ಕಥೆಗೆ ಇಥಿಯೋಪಿಯಾದ ಡಲ್ಲೋಲ್‌ಗೆ ಹೋಗಬೇಕು. ಹಳದಿ, ಹಸಿರು ಬಣ್ಣದ ಕುದಿಯುವ ಆಮ್ಲದ ಉಪ್ಪು ಕೊಳಗಳು ಅಲ್ಲಿವೆ. ಅಲ್ಲೂ ಜೀವ ಸಿಕ್ಕಿತು ಎಂದು 2019ರಲ್ಲಿ ಒಂದು ತಂಡ ಹೇಳಿತು. ಅದೇ ವರ್ಷ ಇನ್ನೊಂದು ತಂಡ, ಅತಿ ಆಮ್ಲದ ಅತಿ ಉಪ್ಪಿನ ಕೊಳಗಳಲ್ಲಿ ಜೀವ ಇಲ್ಲ, ಕಂಡದ್ದರಲ್ಲಿ ಕೆಲವು ಕೋಶದಂತೆ ತೋರುವ ಸಿಲಿಕಾ ಕಣಗಳು, ಉಳಿದವು ಗಾಳಿಯಲ್ಲೋ ಪ್ರವಾಸಿಗರ ಜತೆಗೋ ಬಂದವು ಎಂದಿತು. ನನ್ನ ಒಲವು ಎರಡನೆಯವರ ಕಡೆ. ಸೂಕ್ಷ್ಮದರ್ಶಕದಲ್ಲಿ ದುಂಡಗೆ ಕಂಡದ್ದೆಲ್ಲ ಜೀವ ಎಂದು ನಂಬಿದರೆ ಮಂಗಳದಲ್ಲಿ ಮೊದಲ ದಿನವೇ ಹಾದಿ ತಪ್ಪುತ್ತೇವೆ.

ಈ ಎಚ್ಚರದ ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ, ಆದರೆ ಅದು ನೆಲದ್ದಲ್ಲ, ಆಕಾಶದ್ದು. 2005ರಲ್ಲಿ ಇಸ್ರೊ ನೆರವಿನಿಂದ ಖಭೌತವಿಜ್ಞಾನಿ ಜಯಂತ ನಾರ್ಲೀಕರ್ ಮತ್ತಿತರರು ಹೈದರಾಬಾದಿನಿಂದ ಬಲೂನು ಹಾರಿಸಿ 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದರು. ಅದರಲ್ಲಿ ಅದುವರೆಗೆ ಹೆಸರಿಲ್ಲದ ಮೂರು ಬ್ಯಾಕ್ಟೀರಿಯಾಗಳು ಸಿಕ್ಕವು. 2009ರಲ್ಲಿ ಪ್ರಕಟಿಸುವಾಗ ಒಂದಕ್ಕೆ ಇಸ್ರೊದ ಹೆಸರು, ಬ್ಯಾಸಿಲಸ್ ಇಸ್ರೊನೆನ್ಸಿಸ್. ಇನ್ನೊಂದಕ್ಕೆ ಬ್ಯಾಸಿಲಸ್ ಆರ್ಯಭಟ್ಟೈ. ಮೂರನೆಯದಕ್ಕೆ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ಹೆಸರು. ಟಿವಿಯವರು 'ಅನ್ಯಗ್ರಹ ಜೀವಿ' ಎಂದು ಕೂಗಬಹುದಾಗಿದ್ದ ಸಂಗತಿ. ಆದರೆ ಇಸ್ರೊ ಹೇಳಿಕೆ, ಇವು ಭೂಮಿಯಾಚೆಯವು ಎಂದು ಇದರಿಂದ ಖಚಿತವಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಹೇಳಿದ್ದೇ ಒಳ್ಳೆಯದಾಯಿತು. ಆ ಆರ್ಯಭಟ್ಟೈ ಆಮೇಲೆ ಚಹಾ ಗಿಡದ ಬೇರಿನ ಮಣ್ಣಿನಲ್ಲಿ, ಸೋಯಾ ಬೇರಿನ ಮಣ್ಣಿನಲ್ಲಿ ಸಿಕ್ಕಿತು. ಈಗ ಗಿಡದ ಬೆಳವಣಿಗೆಗೆ ನೆರವಾಗುವ ಬ್ಯಾಕ್ಟೀರಿಯಾ ಎಂದು ಅದರ ಮೇಲೆ ಅಧ್ಯಯನ ನಡೆದಿದೆ.

ನಮ್ಮ ಕೈಲಿರುವ ಬರಡು

ಬೆಂಗಳೂರಿಗೂ ಲಡಾಖಿಗೂ ನಂಟು ಹೊಸದಲ್ಲ. ಭಾರತೀಯ ಖಭೌತ ಸಂಸ್ಥೆ 4,500 ಮೀಟರ್ ಎತ್ತರದ ಹಾನ್ಲೆಯ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತದೆ. ಅಲ್ಲಿನ ಒಣ ಗಾಳಿ ನಕ್ಷತ್ರ ನೋಡುವವರಿಗೆ ವರ. ಅದೇ ಒಣ ಗಾಳಿ ಈಗ ಮಂಗಳ ನೋಡುವವರಿಗೂ ಬೇಕಾಗಿದೆ. 2016ರ ಆಗಸ್ಟಿನಲ್ಲಿ ನಾಸಾದ 'ಸ್ಪೇಸ್‌ವರ್ಡ್ ಬೌಂಡ್' ತಂಡ, ಆಸ್ಟ್ರೇಲಿಯಾದ ಮಾರ್ಸ್ ಸೊಸೈಟಿ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯವರು ಸೇರಿ ಲಡಾಖನ್ನು ಸುತ್ತಿದರು. ಮುಂದೆ ಪ್ರೋಟೋಪ್ಲಾನೆಟ್ ಕಟ್ಟಿದ ಸಿದ್ಧಾರ್ಥ್ ಪಾಂಡೆ ಆ ಯಾತ್ರೆಯ ಮುಂದಾಳು. ಅವರು ಕಂಡ ಜಾಗಗಳಲ್ಲಿ ಪುಗಾ ಕಣಿವೆ ವಿಶೇಷ. ಅಲ್ಲಿ ಸುಮಾರು 84 ಡಿಗ್ರಿಯ ನೀರು ಚಿಮ್ಮುತ್ತದೆ, ಆ ಎತ್ತರದಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಸುತ್ತ ಬೋರಾಕ್ಸ್, ಗಂಧಕ, ಸುಣ್ಣದ ಪೊರೆ, ಹತ್ತಿರದಲ್ಲೇ ಮಂಜು. ಬಿಸಿ, ಚಳಿ, ಉಪ್ಪು, ವಿಕಿರಣ ನಾಲ್ಕೂ ಒಂದು ದಿನದ ನಡಿಗೆಯೊಳಗೆ.  ಕಛ್‌ನ ಮಾತಾನೊ ಮಢದಲ್ಲಿ ಜಾರೊಸೈಟ್ ಖನಿಜವಿದೆ. ಆಪರ್ಚುನಿಟಿ ರೋವರ್ 2004ರಲ್ಲಿ ಮಂಗಳದಲ್ಲಿ ಕಂಡ ಖನಿಜವೂ ಅದೇ. ಮಹಾರಾಷ್ಟ್ರದ ಲೋಣಾರ್ ಉಲ್ಕಾಕುಳಿ ಇದೆ. ಬರಡು ನೆಲಕ್ಕೆ ನಮಗೆ ಬರವಿಲ್ಲ.

ಲಡಾಖು ಮಂಗಳವಲ್ಲ ಎಂಬುದನ್ನೂ ಹೇಳಬೇಕು. ತ್ಸೋ ಕಾರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಹೆಚ್ಚೇ ಇದೆ. ಮಂಗಳದಲ್ಲಿ ಶೇ 1ರಷ್ಟೂ ಇಲ್ಲ. ಜೀವ ಇಲ್ಲದ ಜಾಗ ಭೂಮಿಯಲ್ಲಿ ಸಿಗುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಚಳ್ಳಕೆರೆಯೇ ಸಾಕ್ಷಿ. ಚಿತ್ರದುರ್ಗ ಜಿಲ್ಲೆಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ನೆಲದ ನಕಲು ಮಾಡಿತ್ತು, ಲ್ಯಾಂಡರಿನ ಸೆನ್ಸರುಗಳನ್ನು ಮೇಲಿಂದ ಹಾರಿಸಿ ಪರೀಕ್ಷಿಸಲು. ಚಂದ್ರಯಾನ-2ಕ್ಕೆಂದು ತೋಡಿದ ಕುಳಿಗಳಲ್ಲಿ ಆಮೇಲೆ ಮಣ್ಣು ತುಂಬಿ ಕಳೆ ಬೆಳೆಯಿತು. 2020ರಲ್ಲಿ ಚಂದ್ರಯಾನ-3ಕ್ಕಾಗಿ 10 ಮೀಟರ್ ಅಗಲ, 3 ಮೀಟರ್ ಆಳದ ಹೊಸ ಕುಳಿಗಳಿಗೆ ಸುಮಾರು 24 ಲಕ್ಷ ರೂಪಾಯಿಯ ಟೆಂಡರ್ ಕರೆಯಬೇಕಾಯಿತು. ಕುರಿ ಮೇಯಿಸುವ ಕಾವಲಿನಲ್ಲಿ ಚಂದ್ರ ಕೆಲವು ಮಳೆಗಾಲವೂ ತಡೆಯಲಿಲ್ಲ ಎಂದರೆ ಕುರಿಗಾಹಿಗಳಿಗೆ ನಗು ಬಂದೀತು. ಆ ಕಾವಲಿಗೆ ಬೇಲಿ ಬಿದ್ದಾಗ ಅವರಿಗೆ ನಗು ಬಂದಿರಲಿಲ್ಲ ಎಂಬುದೂ ನಿಜ.

ಅದೇ ಜಿಲ್ಲೆಯಲ್ಲಿ ಇನ್ನೊಂದು ಸಂಪತ್ತಿದೆ, ಅದನ್ನು ತೋಡಬೇಕಿಲ್ಲ. ಹಿರಿಯೂರಿನ ಹತ್ತಿರ ಮಾರಿಕಣಿವೆಯ ಸುತ್ತಿನ ಬೆಟ್ಟಗಳಲ್ಲಿ ಸುಮಾರು 260 ಕೋಟಿ ವರ್ಷ ಹಳೆಯ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿ ಕಲ್ಲಾದ ರಚನೆಗಳು ಅವು. ಭೂವಿಜ್ಞಾನಿಗಳು 1989ರಲ್ಲಿ ಇವನ್ನು ವಿವರವಾಗಿ ಬರೆದರು. ಮಂಗಳದಲ್ಲಿ ಇಂದು ಹುಡುಕುತ್ತಿರುವುದು ಇಂಥದನ್ನೇ, ಜೀವಂತ ಪ್ರಾಣಿಯನ್ನಲ್ಲ. 2025ರ ಸೆಪ್ಟೆಂಬರಿನಲ್ಲಿ ನಾಸಾದ ಪರ್ಸಿವರೆನ್ಸ್ ರೋವರ್ ತಂಡ ಜೆಜೆರೊ ಕುಳಿಯ ಕಲ್ಲೊಂದರ ಚಿರತೆಮಚ್ಚೆಗಳನ್ನು 'ಸಂಭಾವ್ಯ ಜೀವಚಿಹ್ನೆ' ಎಂದು ಮಾತ್ರ ಕರೆಯಿತು, ಒಂದು ಪದ ಹೆಚ್ಚಿಲ್ಲ. ಆ ಎಚ್ಚರಕ್ಕೆ ಕಾರಣವಿದೆ. ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷದ ಸ್ಟ್ರೊಮ್ಯಾಟೊಲೈಟ್ ಸಿಕ್ಕಿತು ಎಂದು 2016ರಲ್ಲಿ ಪ್ರಕಟವಾದಾಗ, ಅಲ್ಲಿಗೇ ಹೋಗಿ ಕಲ್ಲನ್ನು ಇನ್ನೊಂದು ಮಗ್ಗುಲಿನಿಂದ ನೋಡಿ, ಇದು ಒತ್ತಡಕ್ಕೆ ಮಡಿಸಿಕೊಂಡ ಶಿಲೆಯಷ್ಟೇ ಎಂದು 2018ರಲ್ಲಿ ವಾದಿಸಿದವರು ಅಬಿಗೇಲ್ ಆಲ್‌ವುಡ್. ಪರ್ಸಿವರೆನ್ಸಿನ ಮುಖ್ಯ ಉಪಕರಣವೊಂದನ್ನು ರೂಪಿಸಿದ ತಂಡಕ್ಕೆ ಅವರೇ ಮುಖ್ಯಸ್ಥರು. ಕಲ್ಲು ನೋಡಿ ಪಳಗಿದ ಕಣ್ಣೇ ಯಂತ್ರವನ್ನೂ ಕಟ್ಟಿತು.

ನಮ್ಮಲ್ಲಿ ಈ ಎರಡರ ನಡುವೆ ಬಿರುಕಿದೆ. ಮಂಗಳಯಾನ 450 ಕೋಟಿ ರೂಪಾಯಿಯಲ್ಲಿ ಮಂಗಳ ತಲುಪಿದ ಹೆಮ್ಮೆ ಸುಳ್ಳಲ್ಲ. ಆದರೆ ಅದರ ಐದು ಉಪಕರಣಗಳಲ್ಲಿ ಜನ ಹೆಚ್ಚು ನಿರೀಕ್ಷೆ ಇಟ್ಟದ್ದು ಮೀಥೇನ್ ಸೆನ್ಸರಿನ ಮೇಲೆ, ಏಕೆಂದರೆ ಮೀಥೇನ್ ಜೀವದ ಸುಳಿವಾಗಬಹುದು. ಆ ಸೆನ್ಸರ್ ಮೀಥೇನನ್ನು ಇಂಗಾಲದ ಡೈಆಕ್ಸೈಡಿನಿಂದ ಬಿಡಿಸಿ ಹೇಳಲಾರದು ಎಂಬುದು ನೌಕೆ ತಲುಪಿದ ಮೇಲೆ ಬಯಲಾಯಿತು. ಕೊನೆಗೆ ಅದನ್ನು ಮಂಗಳದ ನೆಲ ಎಷ್ಟು ಬೆಳಕು ಹಿಂದಿರುಗಿಸುತ್ತದೆ ಎಂಬ ನಕ್ಷೆ ಮಾಡಲು ಬಳಸಿಕೊಂಡರು. ಮಾರ್ಗ ತಪ್ಪದ ನೌಕೆಯಲ್ಲಿ ಪ್ರಶ್ನೆ ತಪ್ಪಿದ ಯಂತ್ರ. ಹದಿನೈದು ತಿಂಗಳಲ್ಲಿ ಎಲ್ಲ ಮುಗಿಸಿದ ಅವಸರದಲ್ಲಿ ಇದು ಅಸಹಜವೇನಲ್ಲ, ಆದರೆ ಎರಡನೇ ಸಲ ಆಗಬಾರದು.

ಮಂಗಳನ ಮೇಲೆ ಇಳಿಯುವ ಮಾತನ್ನು ಇಸ್ರೊ ಈಗ ಆಡುತ್ತಿದೆ. ಆ ಲ್ಯಾಂಡರಿನಲ್ಲಿ ಜೀವದ ಕುರುಹು ನೋಡುವ ಉಪಕರಣ ಒಂದೇ ಇರಲಿ, ಅದು ಶ್ರೀಹರಿಕೋಟಾಕ್ಕೆ ಹೋಗುವ ಮೊದಲು ತ್ಸೋ ಕಾರ್‌ನ ಉಪ್ಪು ಮಣ್ಣಿನಲ್ಲಿ ಒಂದು ಚಳಿಗಾಲ ಕಳೆಯಬೇಕು, ಪುಗಾದ ಸುಣ್ಣದ ಪೊರೆಯನ್ನೂ ಮಾರಿಕಣಿವೆಯ ಕಲ್ಲನ್ನೂ ಹೆಸರು ಹೇಳದೆ ಅದರ ಮುಂದೆ ಇಡಬೇಕು, ಜತೆಗೆ ಜೀವವೇ ಇಲ್ಲದ ಮಾದರಿಯೊಂದನ್ನೂ. ಅದು ಕೊಟ್ಟ ತಪ್ಪು ಉತ್ತರಗಳನ್ನು ಹೋಪ್‌ನ ಫೋಟೊಗಳಷ್ಟೇ ಧಾರಾಳವಾಗಿ ಪ್ರಕಟಿಸಬೇಕು. ಚಿಕ್ಕಬಾಣಾವರದಿಂದ ಮಾರಿಕಣಿವೆಗೆ ಹೋಗಲು ಅರ್ಧ ದಿನವೂ ಬೇಡ.